ಹದಿನೆಂಟಕ್ಕೆ ನಿಲ್ಲುವ ಜೀವನಾಂಶ

ಪೊನ್ನಂಪೇಟೆ ಸಣ್ಣ ಊರು. ಆದರೂ ಅಲ್ಲಿ 1995ರಲ್ಲಿ ಆರಂಭವಾದ ಅರಣ್ಯ ಮಹಾವಿದ್ಯಾಲಯವಿದೆ, ಎಂಜಿನಿಯರಿಂಗ್ ಕಾಲೇಜಿದೆ, ನ್ಯಾಯಾಲಯವೂ ಇದೆ. ಎರಡೂ ಕಾಲೇಜುಗಳಲ್ಲಿ ಪದವಿಯ ಅವಧಿ 4 ವರ್ಷ. ಆರು ತುಂಬಿ ಒಂದನೆಯ ತರಗತಿಗೆ ಸೇರಿದ ಮಗು ಎಲ್ಲಿಯೂ ನಪಾಸಾಗದೆ ದ್ವಿತೀಯ ಪಿಯುಸಿ ಮುಗಿಸುವ ಹೊತ್ತಿಗೆ ಹದಿನೆಂಟು ತುಂಬಿರುತ್ತದೆ. ತಂದೆತಾಯಿ ಬೇರೆಯಾದ ಮನೆಯಲ್ಲಿ ಕಾಲೇಜಿನ ಪ್ರವೇಶಪತ್ರವೂ ಜೀವನಾಂಶದ ಕೊನೆಯ ಕಂತೂ ಹೆಚ್ಚುಕಡಿಮೆ ಜೊತೆಯಾಗಿಯೇ ಬರುತ್ತವೆ.

ಈ ಹದಿನೆಂಟರ ಗೆರೆ ಎಳೆದದ್ದು 1875ರ ಪ್ರಾಪ್ತವಯಸ್ಕತೆ ಕಾಯ್ದೆ. ಕರಾರು ಮಾಡಿಕೊಳ್ಳಲು, ಆಸ್ತಿ ಪರಭಾರೆ ಮಾಡಲು ಯಾರು ಅರ್ಹರು ಎಂಬುದು ಅದರ ಮುಖ್ಯ ಚಿಂತೆ. ದುಡಿದು ಉಣ್ಣುವ ಶಕ್ತಿ ಎಂದು ಬರುತ್ತದೆ ಎಂಬುದಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಜೀವನಾಂಶಕ್ಕೂ ಅದೇ ಗೆರೆಯನ್ನು ಎರವಲು ಪಡೆಯಿತು. ವಯಸ್ಸಿಗೆ ಬಂದ ಮಕ್ಕಳಿಗೆ ಅಲ್ಲಿ ಇದ್ದ ಸ್ಪಷ್ಟ ವಿನಾಯಿತಿ ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ದುಡಿಯಲಾಗದವರಿಗೆ ಮಾತ್ರ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿಯೂ ಈ ವಿನಾಯಿತಿ ಹಾಗೆಯೇ ಇದೆ. ಓದುತ್ತಿರುವುದು ಒಂದು ಕಾರಣವೆಂದು ಅಲ್ಲಿ ಎಲ್ಲಿಯೂ ಹೇಳಿಲ್ಲ.

ಹೆಣ್ಣುಮಕ್ಕಳಿಗೆ ಒಂದು ದಾರಿ ಉಂಟು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮಿನ ಪ್ರಕಾರ, ಸ್ವಂತ ಗಳಿಕೆಯಿಂದಾಗಲಿ ಆಸ್ತಿಯಿಂದಾಗಲಿ ಬದುಕಲಾರದ ಅವಿವಾಹಿತ ಮಗಳನ್ನು ತಂದೆತಾಯಿ ಪೋಷಿಸಬೇಕು. ಸುಪ್ರೀಂ ಕೋರ್ಟ್ 2020ರ ಸೆಪ್ಟೆಂಬರಿನಲ್ಲಿ ಅಭಿಲಾಷಾ ಪ್ರಕರಣದಲ್ಲಿ ಈ ಹಕ್ಕನ್ನು ಎತ್ತಿಹಿಡಿಯಿತು. ಆದರೆ ಮ್ಯಾಜಿಸ್ಟ್ರೇಟರ ಮುಂದಿನ ಸಂಕ್ಷಿಪ್ತ ವಿಚಾರಣೆಯಲ್ಲಿ ಅದು ದೊರೆಯದು, ಆ ಕಾಯ್ದೆಯಡಿ ಬೇರೆಯೇ ಹೋಗಬೇಕು ಎಂದೂ ಹೇಳಿತು. ಪರೀಕ್ಷೆಗೆ ಓದಬೇಕಾದ ಹುಡುಗಿ ತಂದೆಯ ಮೇಲೆ ದಾವೆ ಹೂಡಿ ವಕೀಲರ ಕಚೇರಿಗೆ ಅಲೆಯಬೇಕು. ಮಗನಿಗಾದರೋ ಆ ಕಲಮಿನಲ್ಲಿ ಅಷ್ಟೂ ಆಸರೆಯಿಲ್ಲ.

ನ್ಯಾಯಾಲಯಗಳಿಗೆ ಈ ಕೊರತೆ ಕಾಣದೆ ಇಲ್ಲ. 2021ರ ಮಾರ್ಚಿನಲ್ಲಿ ಕರ್ನಾಟಕದ ಸರ್ಕಾರಿ ನೌಕರರೊಬ್ಬರ ಪ್ರಕರಣದಲ್ಲಿ, ಹದಿನೆಂಟರವರೆಗೆ ಮಾತ್ರ ಓದಿಸಿದರೆ ಈ ಕಾಲಕ್ಕೆ ಸಾಲದು, ಮಗ ಮೊದಲ ಪದವಿ ಮುಗಿಸುವವರೆಗೂ ತಂದೆ ಹಣ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಸ್ವಾಗತಾರ್ಹ ಆದೇಶ. ಆದರೆ ದೆಹಲಿಯವರೆಗೆ ಹೋಗಿ ಪಡೆದ ಪರಿಹಾರವನ್ನು ವಿರಾಜಪೇಟೆಯ ತಾಯಿಯೊಬ್ಬಳು ನೆಚ್ಚಿಕೊಂಡು ಕೂರಲಾಗದು. ಶಾಸನದಲ್ಲಿಯೇ ಬರೆದರೆ ಮಾತ್ರ ಅದು ಆಕೆಯ ಕೈಗೆಟಕುವ ಹಕ್ಕು.

ವಿಚಿತ್ರವೆಂದರೆ, ಸರ್ಕಾರ ತನ್ನ ಖಜಾನೆಯ ವಿಷಯದಲ್ಲಿ ಇಷ್ಟು ಜಿಪುಣನಲ್ಲ. ಕೇಂದ್ರ ಸರ್ಕಾರಿ ನೌಕರ ತೀರಿಕೊಂಡು ಕುಟುಂಬ ಪಿಂಚಣಿ ಮಕ್ಕಳ ಪಾಲಿಗೆ ಬಂದರೆ, 25 ವರ್ಷದವರೆಗೆ, ನಡುವೆ ಮದುವೆಯಾಗದಿದ್ದರೆ, ಸಂಪಾದನೆಗೆ ತೊಡಗದಿದ್ದರೆ, ಅದು ಸಲ್ಲುತ್ತದೆ. ಸತ್ತ ತಂದೆಯ ಮಗು 25ರವರೆಗೆ ಅವಲಂಬಿತ, ಬದುಕಿರುವ ತಂದೆಯ ಮಗು ಹದಿನೆಂಟಕ್ಕೇ ಸ್ವಾವಲಂಬಿ! ಬ್ಯಾಂಕುಗಳೂ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಸಹಿಯನ್ನು ಕೇಳುತ್ತವೆ.

ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೆ, ಕಂತು ನಿಂತ ಮಾತ್ರಕ್ಕೆ ವೆಚ್ಚ ನಿಲ್ಲುವುದಿಲ್ಲ. ಅದನ್ನು ಹೊರುವ ಹೆಗಲು ಬದಲಾಗುತ್ತದೆ, ಅಷ್ಟೆ. ಹಾಸ್ಟೆಲ್, ಶುಲ್ಕ, ಪುಸ್ತಕಗಳಿಂದ ಖರ್ಚು ಏರುವ ವರ್ಷದಲ್ಲೇ ಇಡೀ ಭಾರ ಮಗು ಯಾರ ಬಳಿ ಬೆಳೆಯಿತೋ ಅವರ ಮೇಲೆ, ಬಹುಮಟ್ಟಿಗೆ ತಾಯಿಯ ಮೇಲೆ, ಬೀಳುತ್ತದೆ. ಆಕೆಯಿಂದಾಗದಿದ್ದರೆ ಎಂಜಿನಿಯರಾಗಬೇಕಾದವನು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾನೆ.

ಪಾವತಿಸುವ ತಂದೆಯ ಕಡೆಯಿಂದಲೂ ಮಾತಿದೆ. ಆತ ಮರುಮದುವೆಯಾಗಿರಬಹುದು, ಎರಡನೆಯ ಸಂಸಾರದ ಮಕ್ಕಳಿರಬಹುದು. ಓದಿನ ನೆಪದಲ್ಲಿ ವರ್ಷ ಕಳೆಯುವ ಮಕ್ಕಳೂ ಇಲ್ಲದಿಲ್ಲ. ಆದ್ದರಿಂದ ಮೊದಲ ಪದವಿಗೆ ಅಥವಾ 23 ವರ್ಷಕ್ಕೆ, ಯಾವುದು ಮೊದಲೋ ಅದಕ್ಕೆ, ಮಿತಿ ಹಾಕಬಹುದು. ನ್ಯೂಯಾರ್ಕ್ ರಾಜ್ಯದಲ್ಲಿ ಈ ಮಿತಿ 21. ಇಂಗ್ಲೆಂಡಿನಲ್ಲಿ ಶಾಲಾಮಟ್ಟದ ಓದು ಮುಂದುವರಿದರೆ ಗರಿಷ್ಠ 20. ವಿಶ್ವವಿದ್ಯಾಲಯ ಅದರಲ್ಲಿ ಸೇರಿಲ್ಲ. ತಾಯಿಗೂ ಸಂಬಳವಿದ್ದರೆ ಆದಾಯಕ್ಕೆ ತಕ್ಕಂತೆ ಇಬ್ಬರೂ ಹಂಚಿಕೊಳ್ಳಲಿ; 1956ರ ಕಾಯ್ದೆ ಹೊಣೆಯನ್ನು ಇಬ್ಬರ ಮೇಲೂ ಹೊರಿಸಿದೆ. ವಯಸ್ಸಿಗೆ ಬಂದ ವಿದ್ಯಾರ್ಥಿಯ ಖಾತೆಗೇ ಹಣ ಹೋದರೆ ಗಂಡಹೆಂಡಿರ ಹಳೆಯ ಜಗಳಕ್ಕೆ ಒಂದು ನೆಪ ಕಡಿಮೆಯಾದೀತು.

ಕಾಯ್ದೆ ತಿದ್ದುಪಡಿಯಾಗುವವರೆಗೆ ಕಾಯಬೇಕಿಲ್ಲ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಷರತ್ತುಗಳನ್ನು ಬರೆಯುವವರು ಪಕ್ಷಗಾರರು ಮತ್ತು ಅವರ ವಕೀಲರು. ‘ಮಗು ವಯಸ್ಸಿಗೆ ಬರುವವರೆಗೆ’ ಎಂಬ ಒಕ್ಕಣೆಯ ಜಾಗದಲ್ಲಿ ‘ಮೊದಲ ಪದವಿ ಮುಗಿಸುವವರೆಗೆ’ ಎಂದು ಬರೆಯಲು ಯಾವ ಅಡ್ಡಿಯೂ ಇಲ್ಲ. ಕೊಡಗಿನಲ್ಲಿ ಇನ್ನೂ ಒಂದು ಸಾಲು ಸೇರಿಸಬೇಕು. ಕಾಫಿ ಬೆಳೆಗಾರನ ಕೈಗೆ ಹಣ ಬರುವುದು ಕುಯಿಲು ಮುಗಿದ ಮೇಲೆ, ಫೆಬ್ರುವರಿ–ಮಾರ್ಚ್ ಹೊತ್ತಿಗೆ. ಕಾಲೇಜು ಶುಲ್ಕ ಕಟ್ಟಬೇಕಾದದ್ದು ಮಳೆಗಾಲದಲ್ಲಿ. ತಿಂಗಳ ಕಂತಿನ ಬದಲು ಕುಯಿಲಿನ ಹಣದಲ್ಲೇ ವರ್ಷದ ಶುಲ್ಕವನ್ನು ವಿದ್ಯಾರ್ಥಿಯ ಹೆಸರಿನಲ್ಲಿ ಠೇವಣಿ ಇಡುವ ಷರತ್ತು ಹಾಕಿದರೆ ಎರಡೂ ಕಡೆಗೆ ಅನುಕೂಲ.