ಗೇಟು ಬಿದ್ದಾಗ ಕಾಣುವುದು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಅಕ್ಕಪಕ್ಕದವೇ ಆದರೂ ರೈಲು ಹಳಿ ಇರುವುದು ಬಂಟ್ವಾಳಕ್ಕೆ ಮಾತ್ರ. ಉಳಿದೆರಡು ಊರಿನವರು ಬಸ್ಸು ಹಿಡಿದು ಹೋಗಿಯೇ ರೈಲು ಹತ್ತಬೇಕು. ಹಾಗಾಗಿ ಈ ಕಡೆಯ ಹೆಚ್ಚಿನವರಿಗೆ ರೈಲ್ವೇ ಗೇಟು ಅಂದರೆ ಮಂಗಳೂರಿನ ಪಾಂಡೇಶ್ವರದಂಥ ಕಡೆ ಹೊತ್ತು ಕಳೆಯುವ ಜಾಗ. ಗೇಟು ಬಿದ್ದರೆ ಎಂಜಿನ್ ಆಫ್ ಮಾಡಿ ಗೊಣಗುತ್ತೇವೆ. ಆ ಹೊತ್ತಿನಲ್ಲೇ ಕಂಬ, ಹಲಗೆ, ದೀಪ, ತಂತಿಗಳನ್ನು ಒಂದೊಂದಾಗಿ ಗುರುತಿಸುತ್ತಾ ಖುಷಿಪಡುವವರೂ ಇದ್ದಾರೆ. ರೈಲಿನ ಹುಚ್ಚು ಹಲವರಿಗೆ ಎಂಜಿನ್‌ನಿಂದ ಶುರುವಾಗುತ್ತದೆ. ಗೇಟಿನ ಹುಚ್ಚು ಹಿಡಿದವರು ಕಡಿಮೆ, ಆದರೆ ಒಮ್ಮೆ ಹಿಡಿದರೆ ಬಿಡುವುದಿಲ್ಲ.

ಅವರು ಮೊದಲು ಹುಡುಕುವುದು ಹಳೆಯ ಕೈಮರವನ್ನು, ಅಂದರೆ ಸೆಮಾಫೋರ್ ಸಿಗ್ನಲ್ಲನ್ನು. ಕಬ್ಬಿಣದ ಕಂಬದ ತುದಿಯಲ್ಲಿ ಕೆಂಪು ತೋಳು, ತೋಳಿನ ಮೇಲೆ ಬಿಳಿ ಪಟ್ಟಿ. ತೋಳು ಅಡ್ಡವಾಗಿ ಚಾಚಿದ್ದರೆ ರೈಲು ನಿಲ್ಲಬೇಕು. ಹಳೆಯ ಮಾದರಿಯಲ್ಲಿ ಅದು ಕೆಳಕ್ಕೆ ಬಾಗಿದರೆ ಹೋಗಬಹುದು. ದೂರದಲ್ಲಿ ಲಿವರ್ ಎಳೆದರೆ ಹಳಿಯ ಪಕ್ಕದಲ್ಲೇ ಹರಿದು ಬಂದ ತಂತಿ ತೋಳನ್ನು ಬಾಗಿಸುತ್ತದೆ. ತಂತಿ ಕಡಿದುಹೋದರೆ? ಕಂಬದಲ್ಲಿರುವ ತೂಕದ ಗುಂಡು ತೋಳನ್ನು ಮತ್ತೆ ಅಡ್ಡಕ್ಕೆ ತಂದು ನಿಲ್ಲಿಸುತ್ತದೆ. ಕೆಟ್ಟರೂ ಅಪಾಯದ ಕಡೆಗೆ ಕೆಡಬಾರದು ಎಂಬ ಈ ಯೋಚನೆಯನ್ನು ಕಂಪ್ಯೂಟರ್ ಬರುವ ಮೊದಲೇ ಬರೀ ಕಬ್ಬಿಣ, ತಂತಿ, ತೂಕದಲ್ಲಿ ಸಾಧಿಸಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಆ ಕೆಲಸಗಾರರ ಮೇಲೆ ಗೌರವ ಹೆಚ್ಚುತ್ತದೆ.

ರಾತ್ರಿಯ ವ್ಯವಸ್ಥೆ ಇನ್ನೂ ಸೊಗಸು. ತೋಳಿನ ಬುಡದ ಚೌಕಟ್ಟಿನಲ್ಲಿ ಎರಡು ಗಾಜು, ಹಿಂದೆ ಸೀಮೆಎಣ್ಣೆ ದೀಪ. ಒಂದು ಗಾಜು ಕೆಂಪು. ಇನ್ನೊಂದು ಹಸಿರಾಗಿರಬೇಕು ಅಂದುಕೊಳ್ಳುತ್ತೇವೆ. ಹಗಲಲ್ಲಿ ಹತ್ತಿರದಿಂದ ನೋಡಿದರೆ ಅದು ನೀಲಿ ಛಾಯೆಯದು. ಸೀಮೆಎಣ್ಣೆಯ ಹಳದಿ ಬೆಳಕು ಅದರ ಮೂಲಕ ಹಾದಾಗ ಚಾಲಕನ ಕಣ್ಣಿಗೆ ಹಸಿರಾಗಿ ಬೀಳುತ್ತದೆ. ಹವ್ಯಾಸಿಗಳು ಇಂಥ ಗಾಜಿಗಾಗಿ ಕಣ್ಣರಳಿಸುವುದು ಸುಮ್ಮನೆ ಅಲ್ಲ.

ಗೇಟಿಗೆ ಸ್ವಂತ ಸಿಗ್ನಲ್ ಇದ್ದರೆ ಅದರ ಕಂಬದಲ್ಲಿ ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ಕಪ್ಪು ‘ಜಿ’ ಅಕ್ಷರ. ರಸ್ತೆಯ ಗೇಟು ಮುಚ್ಚಿ ಬೀಗ ಬೀಳದೆ ಈ ಸಿಗ್ನಲ್ ಕೊಡಲಾಗದು. ಕೊಟ್ಟ ಮೇಲೆ ಗೇಟು ತೆರೆಯಲೂ ಆಗದು. ಸಿಗ್ನಲ್ ಸಿಗದಿದ್ದರೆ ಲೋಕೋ ಪೈಲಟ್ ಹಗಲಲ್ಲಿ ಒಂದು ನಿಮಿಷ, ರಾತ್ರಿ ಎರಡು ನಿಮಿಷ ಕಾದು, ಮೆಲ್ಲನೆ ಗೇಟಿನವರೆಗೆ ಬರಬೇಕು. ಸಿಗ್ನಲ್‌ಗೆ ಜೋಡಿಸದ ಗೇಟಿನಲ್ಲಿ ಎಲ್ಲವೂ ಫೋನಿನ ಮೇಲೆ: ಸ್ಟೇಷನ್ ಮಾಸ್ಟರ್ ರೈಲಿನ ಸುದ್ದಿ ಕೊಡುತ್ತಾರೆ, ಗೇಟ್‌ಮ್ಯಾನ್ ಗೇಟು ಮುಚ್ಚಿ ಒಂದು ಗುಪ್ತ ಸಂಖ್ಯೆ ಹೇಳುತ್ತಾರೆ, ಇಬ್ಬರ ಪುಸ್ತಕದಲ್ಲೂ ಅದು ದಾಖಲಾಗುತ್ತದೆ. ಇಬ್ಬರು ಮನುಷ್ಯರ ಮಾತಿನ ಮೇಲೆ ಇಡೀ ರೈಲು ದಾಟುತ್ತದೆ.

ನಮ್ಮ ಕಡೆಯ ರೈಲು ದಾರಿ ತೀರಾ ಹಳೆಯದಲ್ಲ. ಮಂಗಳೂರಿಗೆ ಕೇರಳದ ಕಡೆಯಿಂದ ರೈಲು ಬಂದದ್ದು 1907ರಲ್ಲಿ. ಬಂಟ್ವಾಳದ ಮೇಲೆ ಹೋಗುವ ಮಂಗಳೂರು–ಹಾಸನ ಮಾರ್ಗ ಪೂರ್ತಿಯಾದದ್ದು 1979ರಲ್ಲಿ, ಅದೂ ಮೀಟರ್‌ಗೇಜ್. ಬ್ರಾಡ್‌ಗೇಜ್ ಮಾಡಲು 1996ರಲ್ಲಿ ಆ ಮಾರ್ಗದ ಘಾಟಿ ಭಾಗ ಮುಚ್ಚಿತು. ಗೂಡ್ಸ್ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ಗೇಜು ಬದಲಾದಾಗ ಹಳಿಯಷ್ಟೇ ಅಲ್ಲ, ಅದರ ಸುತ್ತಲಿನ ಸಾಮಾನೂ ಬದಲಾಗುತ್ತದೆ. ಮುಂದೆ 2019ರ ಜನವರಿ ಹೊತ್ತಿಗೆ ದೇಶದ ಬ್ರಾಡ್‌ಗೇಜ್ ದಾರಿಗಳಲ್ಲಿ ಕಾವಲಿಲ್ಲದ ಗೇಟುಗಳೂ ಮುಗಿದವು. ಜೀವ ಉಳಿಸಿದ ಕೆಲಸ ಅದು, ಆಗಲೇಬೇಕಿತ್ತು. ಕಾವಲಿರುವ ಗೇಟುಗಳೂ ಒಂದೊಂದಾಗಿ ಮೇಲ್ಸೇತುವೆಗೋ ಅಂಡರ್‌ಪಾಸಿಗೋ ಜಾಗ ಬಿಡುತ್ತಿವೆ. ಅದಕ್ಕೇ ದಾಖಲಿಸುವ ಕೆಲಸ ಈಗಲೇ ಆಗಬೇಕು ಅನ್ನುವುದು.

ಅಮೆರಿಕದಲ್ಲಿ ಇದೇ ಹವ್ಯಾಸದವರು ‘ವಿಗ್‌ವ್ಯಾಗ್’ ಹುಡುಕಿಕೊಂಡು ಊರೂರು ಅಲೆಯುತ್ತಾರೆ. ಕೆಂಪು ದೀಪದ ಬಿಲ್ಲೆಯೊಂದು ಅತ್ತಿತ್ತ ತೂಗಿ ಗಂಟೆ ಬಾರಿಸುವ ಸಾಧನ ಅದು. ಕ್ಯಾಲಿಫೋರ್ನಿಯಾದಲ್ಲಿ 1909ರ ಸುಮಾರಿಗೆ ಹುಟ್ಟಿದ್ದು. ನಮ್ಮಲ್ಲಿ ಆ ಕೆಲಸವನ್ನು ಹಸಿರು ಬಾವುಟ ಹಿಡಿದ ಮನುಷ್ಯನೇ ಮಾಡಿದ. ಹಾಗಾಗಿ ನಮ್ಮ ಗೇಟಿನ ಚರಿತ್ರೆಯಲ್ಲಿ ಯಂತ್ರದಷ್ಟೇ ಗೇಟ್‌ಮ್ಯಾನ್ ಕೂಡ ಇರಬೇಕು.

ಹಳೆಯ ಸಿಗ್ನಲ್‌ಗಳನ್ನು ನೆಮ್ಮದಿಯಾಗಿ ನೋಡಲು ಮೈಸೂರಿನ ರೈಲು ವಸ್ತುಸಂಗ್ರಹಾಲಯವಿದೆ, 1979ರದು. ಹಳಿಯ ಬಳಿ ನೋಡುವುದಾದರೆ ರಸ್ತೆಯ ಬದಿಯಿಂದಲೇ ನೋಡಿ. ಹಳಿಯ ಮೇಲೆ ಅಕ್ರಮವಾಗಿ ಕಾಲಿಡುವುದು 1989ರ ರೈಲ್ವೇ ಕಾಯ್ದೆಯ 147ನೇ ಕಲಮಿನಂತೆ ಅಪರಾಧ. ಬಿದ್ದುಕೊಂಡ ತುಕ್ಕುಕಬ್ಬಿಣವನ್ನು ಮನೆಗೆ ಒಯ್ಯುವುದೂ ಅಪರಾಧವೇ. ಕರ್ತವ್ಯದಲ್ಲಿರುವ ಗೇಟ್‌ಮ್ಯಾನ್‌ನನ್ನು ಮಾತಿಗೆಳೆಯಬಾರದು, ಅವರ ಕಿವಿ ಫೋನಿನ ಮೇಲಿರಬೇಕು.

ಮಾತಾಡಬೇಕಾದ್ದು ನಿವೃತ್ತರ ಹತ್ತಿರ. ಬಿ.ಸಿ.ರೋಡಿನ ಸಂಚಯಗಿರಿಯಲ್ಲಿ ತುಳು ಬದುಕಿನ ವಸ್ತುಗಳನ್ನು ಕೂಡಿಟ್ಟ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವಿದೆ, ಧರ್ಮಸ್ಥಳದಲ್ಲಿ ಮಂಜೂಷಾ ವಸ್ತುಸಂಗ್ರಹಾಲಯವಿದೆ. ಹಳೆಯದನ್ನು ಕಾಪಾಡುವುದು ಈ ಸೀಮೆಗೆ ಹೊಸತಲ್ಲ, ಗೇಟಿನ ನೆನಪನ್ನೂ ಹಾಗೆಯೇ ಕಾಪಾಡಬಹುದು. ಬಂಟ್ವಾಳ, ಪುತ್ತೂರು ಕಡೆ ಗೇಟು ಕಾದ ಹಿರಿಯರ ಹತ್ತಿರ ಕೂತು ಕೇಳಿ ಬರೆದುಕೊಳ್ಳಿ: ಗೇಟಿನ ನಂಬರ್ ಎಷ್ಟು, ಮಳೆಗಾಲದ ರಾತ್ರಿ ದೀಪ ಹೇಗೆ ಕಾಪಾಡುತ್ತಿದ್ದಿರಿ, ಫೋನ್ ಕೆಟ್ಟ ದಿನ ಏನು ಮಾಡಿದಿರಿ, ಗೇಟು ತೆಗೆಯಿರಿ ಎಂದು ಗದರಿದವರಿಗೆ ಏನು ಹೇಳಿದಿರಿ.