ಎಪ್ಪತ್ತಕ್ಕೆ ಎಪ್ಪತ್ತು ಸೇರಿದರೆ ಎಪ್ಪತ್ತಮೂರು!

ಒಂದು ಯಂತ್ರದ ಸದ್ದು 70 ಡೆಸಿಬಲ್. ಅಷ್ಟೇ ದೂರದಲ್ಲಿ ಅಂಥದೇ ಇನ್ನೊಂದು ಯಂತ್ರ ಚಾಲೂ ಆದರೆ ಒಟ್ಟು ಎಷ್ಟು? 140 ಎಂದು ತೋರುವುದು ಸಹಜ. ಆದರೆ ಮಾಪಕ ತೋರಿಸುವುದು 73. ಸದ್ದಿನ ಶಕ್ತಿ ಹತ್ತು ಪಟ್ಟಾದರೆ ಡೆಸಿಬಲ್ ಅಂಕಿ ಹತ್ತು ಏರುತ್ತದೆ. ಇಮ್ಮಡಿಯಾದರೆ ಏರುವುದು ಬರೀ ಮೂರು.

ಇದು ಕೇವಲ ಪರೀಕ್ಷೆಯ ಲೆಕ್ಕವಲ್ಲ. ಕೇಂದ್ರ ಸರಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಬಂದರು, ಹೆದ್ದಾರಿ, ಇರುಳಿನ ಯಕ್ಷಗಾನ ಎಲ್ಲವೂ ಇರುವ ಮಂಗಳೂರಿಗೆ ಈ ಅಂಕಿಗಳು ಮುಖ್ಯ. ಮಾಪಕ 48 ತೋರಿಸಿದರೆ 'ಮೂರೇ ತಾನೆ' ಎನ್ನುವಂತಿಲ್ಲ. ಶಕ್ತಿ ಮಿತಿಯ ಎರಡು ಪಟ್ಟಾಗಿದೆ.

ಇದನ್ನು ಅರಿತು ಅಳೆಯಬೇಕಾದವರು ಎಂಜಿನಿಯರುಗಳು. ಸುರತ್ಕಲ್‌ನಲ್ಲಿ 1960ರಲ್ಲಿ ಆರಂಭವಾದ ಕೆ.ಆರ್.ಇ.ಸಿ., 2002ರಿಂದ ಎನ್.ಐ.ಟಿ.ಕೆ., ಈ ಭಾಗದ ಹಿರಿಯ ಎಂಜಿನಿಯರಿಂಗ್ ಸಂಸ್ಥೆ. ರಾಜ್ಯದ ಬಹುತೇಕ ಕಾಲೇಜುಗಳ ಪಠ್ಯ ರೂಪಿಸಿದ್ದು 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಅದರ 2010ರ ಪಠ್ಯಕ್ರಮದಲ್ಲಿ ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗೆ ಕಂಪನದ ಪ್ರಯೋಗಗಳಿದ್ದವು. ಸ್ಪ್ರಿಂಗಿಗೆ ತೂಕ ತೂಗುಹಾಕಿ ತೂಗಾಟ ಎಣಿಸಬೇಕು. ತೂಕ ನಾಲ್ಕು ಪಟ್ಟಾದರೆ ಒಂದು ತೂಗಾಟಕ್ಕೆ ಎರಡರಷ್ಟು ಹೊತ್ತು. ತಿರುಗುವ ಶಾಫ್ಟ್ ಒಂದು ನಿರ್ದಿಷ್ಟ ವೇಗ ತಲುಪಿದೊಡನೆ ವಿಪರೀತ ಅದುರುತ್ತದೆ. ವೇಗ ದಾಟಿದರೆ ಶಾಂತವಾಗುತ್ತದೆ. ಸೂತ್ರ ಬಾಯಿಪಾಠ ಮಾಡಿದವನಿಗೂ ಅದನ್ನು ಕಣ್ಣಾರೆ ಕಂಡಾಗಲೇ ಅಪಾಯದ ಅರಿವಾಗುವುದು.

ಸದ್ದಿನ ಮೂಲವೂ ಕಂಪನವೇ. ಸರ್ ಸಿ.ವಿ. ರಾಮನ್ ಮೃದಂಗದ ಚರ್ಮದ ಮೇಲೆ ನಯವಾದ ಮರಳು ಉದುರಿಸಿ, ಅದುರದ ಗೆರೆಗಳಲ್ಲಿ ಮರಳು ನಿಲ್ಲುವುದನ್ನು ತೋರಿಸಿದರು. ನಡುವಿನ ಕಪ್ಪು ಲೇಪದ ಭಾರದಿಂದಲೇ ಆ ಚರ್ಮಕ್ಕೆ ತಂತಿಯಂತೆ ಸ್ವರಬದ್ಧ ನಾದ ಬರುತ್ತದೆಂಬ ಅವರ ಅಧ್ಯಯನ 1920ರಲ್ಲೂ, ವಿಸ್ತಾರವಾಗಿ 1934ರಲ್ಲೂ ಪ್ರಕಟವಾಯಿತು. ಅಂಥ ಲೇಪ ಯಕ್ಷಗಾನದ ಮದ್ದಳೆಗೂ ಉಂಟು. ಹಾಗಾಗಿ ಕರಾವಳಿಯ ವಿದ್ಯಾರ್ಥಿಗೆ ಪ್ರಯೋಗದ ಸಾಮಗ್ರಿ ದೂರವಿಲ್ಲ.

ಕಾಲೇಜಿನ ಮೈದಾನವೂ ಪ್ರಯೋಗಶಾಲೆಯೇ. ಬಯಲಲ್ಲಿ ಸಣ್ಣ ಧ್ವನಿವರ್ಧಕದಿಂದ ದೂರ ಇಮ್ಮಡಿಯಾದಂತೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕೋಣೆಯೊಳಗೆ ಅಷ್ಟು ಇಳಿಯದು, ಗೋಡೆಗಳು ಸದ್ದನ್ನು ಹಿಂದಿರುಗಿಸುತ್ತವೆ. ಎಲ್ಲಿ ನಿಂತು ಅಳೆಯಬೇಕೆಂಬುದು ಹೀಗೆ ಕೈಯಾರೆ ಮಾಡಿ ತಿಳಿಯುವ ವಿಷಯ.

ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸದ್ದಿಗೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನಿಯಮದಲ್ಲಿ ಅಂಕಿ ಬರೆದಿಟ್ಟ ಮಾತ್ರಕ್ಕೆ ಕಿವಿ ಉಳಿಯದು. ಸರಿಯಾಗಿ ಅಳೆಯಬಲ್ಲ ಕೈಗಳನ್ನೂ ಕಾಲೇಜುಗಳು ತಯಾರು ಮಾಡಬೇಕು.