ಮೌಸ್ ಬಿಟ್ಟರೆ ಲೆಕ್ಕ ಬೇಗ

ಸ್ಪ್ರೆಡ್‌ಶೀಟ್ ಹುಟ್ಟಿದ್ದೇ ಕೀಬೋರ್ಡಿನ ಮೇಲೆ. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆ್ಯಪಲ್-2 ಕಂಪ್ಯೂಟರಿಗೆಂದು ರೂಪಿಸಿ 1979ರಲ್ಲಿ ಹೊರತಂದ ವಿಸಿಕ್ಯಾಲ್ಕ್ ಆಗಲಿ, 1983ರಲ್ಲಿ ಬಂದ ಲೋಟಸ್ 1-2-3 ಆಗಲಿ ಮೌಸ್ ಇಲ್ಲದೆಯೇ ನಡೆಯುತ್ತಿದ್ದವು. 1985ರಲ್ಲಿ ಮೆಕಿಂಟಾಶ್‌ಗೆ ಬಂದ ಎಕ್ಸೆಲ್ ಮೌಸಿಗೆ ಜಾಗ ಕೊಟ್ಟಿತು. ಆದರೆ ಕೀಲಿಗಳಿಂದ ಕೆಲಸ ಮಾಡುವ ದಾರಿ ಮುಚ್ಚಲಿಲ್ಲ. ಲೆಕ್ಕ ಬರೆಯುವವರ ಸಮಯ ಇಂದಿಗೂ ಉಳಿಯುವುದು ಆ ದಾರಿಯಲ್ಲೇ.

ಮೊದಲು ಕಲಿಯಬೇಕಾದದ್ದು ಓಡಾಟ. ಈಗಿನ ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲುಗಳು, 16,384 ಕಾಲಂಗಳು ಇರುತ್ತವೆ. ಮೌಸಿನ ಚಕ್ರ ತಿರುಗಿಸುತ್ತ ಸಾವಿರಾರು ಸಾಲು ಇಳಿಯುವುದು ಬೇಸರದ ಕೆಲಸ. ಕಂಟ್ರೋಲ್ ಹಿಡಿದು ಕೆಳಬಾಣ ಒತ್ತಿದರೆ ತುಂಬಿದ ಸಾಲುಗಳ ಕೊನೆಗೆ ಒಂದೇ ಜಿಗಿತ. ನಡುವೆ ಖಾಲಿ ಸೆಲ್ ಇದ್ದರೆ ಜಿಗಿತ ಅದರ ಹಿಂದೆಯೇ ನಿಲ್ಲುತ್ತದೆ. ಬಿಟ್ಟುಹೋದ ಅಂಕಿ ಹುಡುಕಲು ಅದೂ ಅನುಕೂಲವೇ. ಕಂಟ್ರೋಲ್-ಹೋಮ್ ಹಾಳೆಯ ತಲೆಗೆ ಒಯ್ಯುತ್ತದೆ, ಕಂಟ್ರೋಲ್-ಎಂಡ್ ಬಳಸಿದ ಕೊನೆಯ ಸೆಲ್‌ಗೆ.

ಇದೇ ಬಾಣಗಳಿಗೆ ಶಿಫ್ಟ್ ಸೇರಿಸಿದರೆ ಓಡಾಟ ಆಯ್ಕೆಯಾಗುತ್ತದೆ. ಕಂಟ್ರೋಲ್-ಶಿಫ್ಟ್-ಕೆಳಬಾಣ ದತ್ತಾಂಶದ ಕೊನೆಯವರೆಗೂ ಆರಿಸುತ್ತದೆ. ಕಂಟ್ರೋಲ್-ಸ್ಪೇಸ್ ಇಡೀ ಕಾಲಂ ಅನ್ನು, ಶಿಫ್ಟ್-ಸ್ಪೇಸ್ ಇಡೀ ಸಾಲನ್ನು ಹಿಡಿಯುತ್ತದೆ.

ಕಿರಾಣಿ ಅಂಗಡಿಯೊಂದರ ದಾಸ್ತಾನು ಪಟ್ಟಿಯನ್ನು ನೋಡೋಣ. ಸಿ ಕಾಲಂನಲ್ಲಿ ದರ, ಡಿ ಕಾಲಂನಲ್ಲಿ ಪ್ರಮಾಣ; 2ನೇ ಸಾಲಿನಿಂದ 501ನೇ ಸಾಲಿನವರೆಗೆ 500 ಸರಕು. ಇ2 ಸೆಲ್‌ನಲ್ಲಿ ಎರಡನ್ನೂ ಗುಣಿಸುವ ಸೂತ್ರ ಬರೆದಾಯಿತು. ಅದು ಉಳಿದ ಸಾಲುಗಳಿಗೂ ಇಳಿಯಬೇಕು. ಡಿ2ಕ್ಕೆ ಹೋಗಿ ಕಂಟ್ರೋಲ್-ಕೆಳಬಾಣ ಒತ್ತಿದರೆ ಡಿ501. ಬಲಬಾಣ ಒತ್ತಿದರೆ ಇ501. ಅಲ್ಲಿಂದ ಕಂಟ್ರೋಲ್-ಶಿಫ್ಟ್-ಮೇಲ್ಬಾಣ ಒತ್ತಿದರೆ ಇ2ರವರೆಗೂ ಆಯ್ಕೆ. ಕೊನೆಗೆ ಕಂಟ್ರೋಲ್-ಡಿ: 500 ಸಾಲಿನ ಮೊತ್ತವೂ ಸಿದ್ಧ. ಕೆಳಗೆ ಇ502ರಲ್ಲಿ ಆಲ್ಟ್ ಹಿಡಿದು ಸಮ ಚಿಹ್ನೆ ಒತ್ತಿ ಎಂಟರ್ ಕೊಟ್ಟರೆ ಒಟ್ಟು ಮೊತ್ತ ಬರುತ್ತದೆ.

ತೆರಿಗೆಯ ದರ ಒಂದೇ ಸೆಲ್‌ನಲ್ಲಿದ್ದು ಎಲ್ಲ ಸಾಲುಗಳೂ ಅದನ್ನೇ ಬಳಸಬೇಕಿದ್ದರೆ ಎಫ್4 ಬೇಕು. ಸೂತ್ರದಲ್ಲಿ ಆ ಸೆಲ್‌ನ ಹೆಸರು ಬರೆದ ಕೂಡಲೇ ಎಫ್4 ಒತ್ತಿದರೆ ಡಾಲರ್ ಚಿಹ್ನೆಗಳು ಸೇರಿ ಅದು ಸ್ಥಿರವಾಗುತ್ತದೆ. ಸೂತ್ರ ಕೆಳಗಿಳಿದರೂ ಬದಲಾಗುವುದಿಲ್ಲ. ಎಫ್2 ಒತ್ತಿದರೆ ಸೆಲ್‌ನೊಳಗೆ ತಿದ್ದಬಹುದು. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಕೀಲಿಗಳ ಜೊತೆ ಎಫ್‌ಎನ್ ಕೀಲಿಯನ್ನೂ ಹಿಡಿಯಬೇಕಾಗುತ್ತದೆ.

ಇನ್ನು ಕೆಲವು ದಿನಬಳಕೆಯವು: ಕಂಟ್ರೋಲ್ ಜೊತೆ ಅರ್ಧವಿರಾಮ ಚಿಹ್ನೆ ಒತ್ತಿದರೆ ಇಂದಿನ ದಿನಾಂಕ, ಕಂಟ್ರೋಲ್-ಶಿಫ್ಟ್-ಎಲ್ ಒತ್ತಿದರೆ ಫಿಲ್ಟರ್, ಆಲ್ಟ್-ಎಂಟರ್ ಒತ್ತಿದರೆ ಅದೇ ಸೆಲ್‌ನೊಳಗೆ ಹೊಸ ಸಾಲು. ಕಂಟ್ರೋಲ್-ಪೇಜ್‌ಡೌನ್ ಮುಂದಿನ ಹಾಳೆಗೆ ಕರೆದೊಯ್ಯುತ್ತದೆ.

ಬಾಣದ ಕೀಲಿ ಒತ್ತಿದಾಗ ಸೆಲ್ ಬದಲಾಗದೆ ಹಾಳೆಯೇ ಸರಿದರೆ ಕಂಪ್ಯೂಟರ್ ಕೆಟ್ಟಿದೆ ಎಂದಲ್ಲ, ಸ್ಕ್ರೋಲ್ ಲಾಕ್ ಚಾಲೂ ಇದೆ ಎಂದರ್ಥ. ನುಡಿ ತಂತ್ರಾಂಶದಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಯಿಸಲು ಬಳಸುವುದು ಇದೇ ಕೀಲಿಯನ್ನು. ಹೀಗಾಗಿ ಕನ್ನಡದಲ್ಲಿ ಪಟ್ಟಿ ತಯಾರಿಸುವವರಿಗೆ ಈ ಗೊಂದಲ ಎದುರಾಗಬಹುದು. ಅದೇ ಕೀಲಿಯನ್ನು ಮತ್ತೊಮ್ಮೆ ಒತ್ತಿದರೆ ಸರಿಹೋಗುತ್ತದೆ.

ಇಲ್ಲಿ ಹೇಳಿದ್ದು ವಿಂಡೋಸ್‌ನ ಎಕ್ಸೆಲ್ ಕುರಿತು. ಗೂಗಲ್ ಶೀಟ್ಸ್, ಲಿಬ್ರೆಆಫೀಸ್ ಕ್ಯಾಲ್ಕ್‌ಗಳಲ್ಲೂ ಬಾಣದ ಜಿಗಿತ, ಕಂಟ್ರೋಲ್-ಡಿ ಹೀಗೆಯೇ ನಡೆಯುತ್ತವೆ. ಕೆಲವು ಮಾತ್ರ ಬೇರೆ. ಗೂಗಲ್ ಶೀಟ್ಸ್‌ನಲ್ಲಿ ಕಂಟ್ರೋಲ್ ಜೊತೆ ಓರೆಗೆರೆ ಒತ್ತಿದರೆ ಶಾರ್ಟ್‌ಕಟ್‌ಗಳ ಪೂರ್ಣ ಪಟ್ಟಿಯೇ ತೆರೆದುಕೊಳ್ಳುತ್ತದೆ.

ನೂರಾರು ಶಾರ್ಟ್‌ಕಟ್‌ಗಳನ್ನು ಬಾಯಿಪಾಠ ಮಾಡಬೇಕಿಲ್ಲ. ದಿನವೂ ಮಾಡುವ ಕೆಲಸಕ್ಕೆ ಬೇಕಾದ ಎರಡು-ಮೂರನ್ನು ಮೊದಲು ರೂಢಿಸಿಕೊಂಡು, ಅವು ಕೈಗೆ ಕೂತ ಮೇಲೆ ಮುಂದಿನವನ್ನು ಹಿಡಿದರೆ ಸಾಕು.